ಪಾನಾ ಹಿಡಿಯುವ ಮೊದಲು

"ಎಂಜಿನ್ ಚಾಲೂ ಐತ್ರಿ, ಗೇರೂ ಬೀಳತೈತಿ, ಗಾಡಿ ಮಾತ್ರ ಮುಂದಕ್ಕ ಹೋಗವಲ್ದು." ಸಣ್ಣ ಟ್ರ್ಯಾಕ್ಟರ್ ಇಟ್ಟುಕೊಂಡ ರೈತ ಇಷ್ಟು ಹೇಳಿದರೆ ಸಾಕು, ನವಲಗುಂದದ ಗ್ಯಾರೇಜಿನಿಂದ ಕಲಘಟಗಿಯ ಚಹಾದಂಗಡಿಯವರೆಗೆ ಒಂದೇ ಉತ್ತರ ಸಿದ್ಧವಿರುತ್ತದೆ: "ಕ್ಲಚ್ ಪ್ಲೇಟ್ ಹೋಗೇತಿ ಯಜಮಾನ್ರ, ಬಿಚ್ಚಿ ನೋಡಬೇಕು." ಗಾಡಿಯನ್ನು ಮುಟ್ಟದೆ, ಅದರ ಸಪ್ಪಳ ಕೇಳದೆ, ಫೋನಿನಲ್ಲೇ ಈ ತೀರ್ಪು ಬರುವುದೂ ಉಂಟು. ಮಿಸ್ತ್ರಿ ಹೇಳುತ್ತಾನೆ, ಪಕ್ಕದ ಹೊಲದವರು ಹೌದೆನ್ನುತ್ತಾರೆ, ಬಿಡಿಭಾಗದ ಅಂಗಡಿಯವರು ಪ್ಲೇಟಿನ ಡಬ್ಬಿ ತೆಗೆದು ಮುಂದಿಡುತ್ತಾರೆ. ಎಲ್ಲರೂ ಒಪ್ಪಿದ್ದರಿಂದಲೇ ಅದು ವಿದ್ಯೆ ಅನಿಸಿಕೊಂಡಿದೆ. ನಾನು ಒಪ್ಪುವುದಿಲ್ಲ. ಬಿಚ್ಚುವುದು ರಿಪೇರಿಯ ಕೆಲಸ. ದೋಷ ಹುಡುಕುವುದು ಅದಕ್ಕಿಂತ ಮೊದಲಿನ ಕೆಲಸ, ಅದರ ಬಹುಭಾಗ ಗೇರ್‌ಬಾಕ್ಸಿನ ಒಂದೂ ಬೋಲ್ಟ್ ಸಡಿಲಿಸದೆ ಮುಗಿಯುತ್ತದೆ. ಹುಡುಕುವುದನ್ನು ಬಿಟ್ಟು ಬಿಚ್ಚುವುದಕ್ಕೆ ಕೈಹಾಕುವ ರೂಢಿ ನಮ್ಮ ಧಾರವಾಡ ಜಿಲ್ಲೆಯ ಸಣ್ಣ ಹಿಡುವಳಿದಾರರನ್ನು ಪ್ರತಿ ಹಂಗಾಮಿನಲ್ಲೂ ಸುಲಿಯುತ್ತಿದೆ.

ಬಿಚ್ಚುವುದೆಂದರೆ ಏನು ಎಂಬುದನ್ನು ಮೊದಲು ನೋಡೋಣ. ಲಾರಿಗೆ ಕೆಳಗೆ ಚಾಸಿ ಇರುತ್ತದೆ, ಎಂಜಿನ್ ತೆಗೆದರೂ ಗಾಡಿ ಗಾಡಿಯಾಗಿಯೇ ನಿಂತಿರುತ್ತದೆ. ಬಹಳಷ್ಟು ಟ್ರ್ಯಾಕ್ಟರ್‌ಗಳಿಗೆ ಅಂಥ ಚಾಸಿ ಇಲ್ಲ. ಎಂಜಿನ್, ಕ್ಲಚ್ ಹೌಸಿಂಗ್, ಗೇರ್‌ಬಾಕ್ಸ್, ಹಿಂದಿನ ಎಕ್ಸೆಲ್ ಒಂದಕ್ಕೊಂದು ಬೋಲ್ಟ್ ಆಗಿ ಅವೇ ಗಾಡಿಯ ಬೆನ್ನೆಲುಬು. ಕ್ಲಚ್ ಪ್ಲೇಟ್ ಕೂತಿರುವುದು ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ. ಅದನ್ನು ನೋಡಬೇಕೆಂದರೆ ಗಾಡಿಯನ್ನು ನಡುವಿಗೆ ಎರಡು ತುಂಡು ಮಾಡಬೇಕು. ಎರಡೂ ತುಂಡುಗಳನ್ನು ಸಮಮಟ್ಟದಲ್ಲಿ ಗಟ್ಟಿಯಾಗಿ ಹಿಡಿದು ನಿಲ್ಲಿಸಬೇಕು, ವೈರು, ಎಣ್ಣೆಯ ಪೈಪು, ಸ್ಟೇರಿಂಗಿನ ಜೋಡಣೆ ಬಿಡಿಸಬೇಕು. ಮತ್ತೆ ಕೂಡಿಸುವಾಗ ಪ್ಲೇಟ್ ನಟ್ಟನಡುವೆ ಕೂರಬೇಕು, ಪ್ರೆಷರ್ ಪ್ಲೇಟಿನ ಬೆರಳುಗಳೆಲ್ಲ ಒಂದೇ ಎತ್ತರಕ್ಕೆ ಬರಬೇಕು. ಒಂದು ಬೆರಳು ಮೇಲಾದರೂ ಕ್ಲಚ್ ಬಿಟ್ಟಾಗ ಗಾಡಿ ನಡುಗುತ್ತದೆ. ಒಳ್ಳೆಯ ಶೆಡ್ಡಿನಲ್ಲಿ, ಸರಿಯಾದ ಸ್ಟ್ಯಾಂಡ್ ಇಟ್ಟು ಮಾಡುವವರಿಗೆ ಇದು ಕಷ್ಟವಲ್ಲ. ಆದರೆ ಹಳ್ಳಿಗಳಲ್ಲಿ ಈ ಕೆಲಸ ನಡೆಯುವುದು ಬೇವಿನ ಮರದ ಕೆಳಗೆ, ಇಟ್ಟಂಗಿ ಮತ್ತು ಕಟ್ಟಿಗೆ ತುಂಡುಗಳ ಆಧಾರದ ಮೇಲೆ, ಎರಿಯ ಕಪ್ಪು ಮಣ್ಣಿನ ಧೂಳು ಏಳುವ ಗಾಳಿಯಲ್ಲಿ. ಇಲ್ಲದ ರೋಗವನ್ನು ಗಾಡಿಯೊಳಗೆ ಹೊಗಿಸಲು ಇದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ.

ಹಣದ ಲೆಕ್ಕ ಬಿಡಿ, ಹದದ ಲೆಕ್ಕ ನೋಡಿ. ನವಲಗುಂದ, ಅಣ್ಣಿಗೇರಿಯ ಎರಿ ಹೊಲದಲ್ಲಿ ಮಳೆ ಬಿದ್ದ ಮೇಲೆ ಕೆಲವು ದಿನ ಯಾವ ಗಾಲಿಯೂ ಇಳಿಯುವಂತಿಲ್ಲ. ಆಮೇಲೆ ಹದ ಬರುತ್ತದೆ, ಕೆಲವೇ ದಿನ ನಿಂತು ಹೋಗುತ್ತದೆ. ಹೆಸರು ಕಿತ್ತ ಹೊಲವನ್ನು ಹರಗಿ, ಹಸ್ತ ಚಿತ್ತಿ ಮಳೆಯ ತೇವಕ್ಕೆ ಕಡಲೆ, ಜೋಳ, ಕುಸುಬೆ ಬಿತ್ತಿದರೆ ಮುಂದಿನ ಬೆಳೆಯೆಲ್ಲ ಆ ತೇವದ ಮೇಲೆಯೇ ಬರಬೇಕು. ಕುಂದಗೋಳದ ಹತ್ತಿ ಮತ್ತು ಮೆಣಸಿನಕಾಯಿ ಸಾಲಿನಲ್ಲಿ ಎಡೆ ಹೊಡೆಯುವುದಕ್ಕೂ, ಕಲಘಟಗಿಯ ಗೋವಿನಜೋಳಕ್ಕೂ ಇದೇ ಮಾತು. ಆ ಹೊತ್ತಿನಲ್ಲಿ ಗಾಡಿ ಎರಡು ತುಂಡಾಗಿ ಬಿದ್ದು, "ಹುಬ್ಬಳ್ಳಿಯಿಂದ ಸಾಮಾನು ಬರಬೇಕು" ಎಂದು ಕಾಯುವಂತಾದರೆ, ಕಳೆದದ್ದು ಪ್ಲೇಟಿನ ಬೆಲೆಯಷ್ಟೇ ಅಲ್ಲ. ಬಾಡಿಗೆ ಗಾಡಿಗೂ ಅದೇ ಹದದಲ್ಲಿ ಸರತಿ ಇರುತ್ತದೆ.

ಹಾಗಾದರೆ ಬಿಚ್ಚದೆ ಏನು ನೋಡಬೇಕು?

ಮೊದಲು ಕಿವಿ ಕೊಡಬೇಕು. ಸಮ ನೆಲದಲ್ಲಿ, ಮುಂದೆ ಹಿಂದೆ ಯಾರೂ ನಿಲ್ಲದಂತೆ ನೋಡಿಕೊಂಡು, ಸೀಟಿನ ಮೇಲೆ ಕೂತು, ಗೇರ್ ಹಾಕಿ ಕ್ಲಚ್ಚನ್ನು ನಿಧಾನ ಬಿಡಿ. ಎಂಜಿನ್ನಿನ ಸಪ್ಪಳ ಕುಗ್ಗುತ್ತದೆಯೇ, ಇಲ್ಲವೇ? ಎಲ್ಲ ಪರೀಕ್ಷೆಯ ತಾಯಿಬೇರು ಈ ಒಂದು ಪ್ರಶ್ನೆಯಲ್ಲಿದೆ. ಸಪ್ಪಳ ಕುಗ್ಗಿ ಎಂಜಿನ್ ತಿಣುಕಿದರೆ ಶಕ್ತಿ ಕ್ಲಚ್ ದಾಟಿ ಹಿಂದಕ್ಕೆ ಹೋಗುತ್ತಿದೆ, ಅಲ್ಲೆಲ್ಲೋ ಗಾಲಿಯನ್ನು ಏನೋ ಹಿಡಿದಿದೆ ಎಂದರ್ಥ. ಸಪ್ಪಳ ಇದ್ದಂತೆಯೇ ಇದ್ದರೆ ಶಕ್ತಿ ದಾರಿಯಲ್ಲಿ ಎಲ್ಲೋ ಕಡಿದುಹೋಗಿದೆ. ಎರಡೂ ಬೇರೆ ಬೇರೆ ರೋಗ. ತಿಣುಕುವ ಗಾಡಿಗೆ ಕ್ಲಚ್ ಪ್ಲೇಟ್ ಬದಲಿಸುವುದು ಶುದ್ಧ ದಂಡ, ಏಕೆಂದರೆ ಹಿಡಿಯದ ಕ್ಲಚ್ ಎಂಜಿನ್ನನ್ನು ತಿಣುಕಿಸಲಾರದು. ಇಷ್ಟನ್ನು ಕೇಳದೆಯೇ ಪಾನಾ ಹಿಡಿಯುವವರನ್ನು ಮಿಸ್ತ್ರಿ ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ತಿಣುಕಿ ನಿಲ್ಲುವ ಗಾಡಿಯಲ್ಲಿ ಮೊದಲು ನೋಡಬೇಕಾದ್ದು ಬ್ರೇಕು. ಪಾರ್ಕಿಂಗ್ ಬ್ರೇಕಿನ ಕೊಂಡಿ ಬಿಟ್ಟುಕೊಂಡಿದೆಯೇ, ಪೆಡಲ್ ಪೂರ್ತಿ ಮೇಲೆ ಬಂದಿದೆಯೇ? ಎರಿ ಮಣ್ಣು ಪೆಡಲಿನ ಕೆಳಗಿನ ರಾಡುಗಳ ಸುತ್ತ ಮೆತ್ತಿಕೊಂಡು ಒಣಗಿದರೆ ಸ್ಪ್ರಿಂಗಿಗೆ ಪೆಡಲನ್ನು ಎಳೆದುಕೊಳ್ಳುವ ಬಲ ಉಳಿಯುವುದಿಲ್ಲ, ಬ್ರೇಕ್ ಅರ್ಧ ಹಿಡಿದೇ ಇರುತ್ತದೆ. ನೀರು, ಒಂದು ಕಡ್ಡಿ, ಒಂದಿಷ್ಟು ಎಣ್ಣೆ ಸಾಕಾಗುವ ರೋಗ ಇದು. ಆದರೂ ಗಾಡಿ ಹೋಗದಿದ್ದರೆ, ಮುಂದಿನ ಗಾಲಿಗೆ ಕಲ್ಲು ಕೊಟ್ಟು, ಹಿಂದಿನ ಒಂದು ಗಾಲಿಯನ್ನು ಜ್ಯಾಕಿನಿಂದ ಎತ್ತಿ, ಜ್ಯಾಕೊಂದನ್ನೇ ನಂಬದೆ ಕೆಳಗೆ ಭದ್ರವಾದ ಆಧಾರವಿಟ್ಟು, ಎಂಜಿನ್ ಬಂದ್ ಮಾಡಿ, ನ್ಯೂಟ್ರಲ್‌ನಲ್ಲಿ ಕೈಯಿಂದ ತಿರುಗಿಸಿ. ಯಾವ ಗಾಲಿ ತಿರುಗುವುದಿಲ್ಲವೋ ಆ ಕಡೆಯ ಬ್ರೇಕಿನಲ್ಲೋ ಎಕ್ಸೆಲ್ಲಿನಲ್ಲೋ ದೋಷ. ಗಾಡಿಯ ನಡು ಮುರಿಯುವ ಮಾತೇ ಬರುವುದಿಲ್ಲ.

ಸಪ್ಪಳ ಕುಗ್ಗದ ಗಾಡಿಯ ವಿಷಯ ಇನ್ನಷ್ಟು ನಿಧಾನ ಬೇಡುತ್ತದೆ. ಮಹೀಂದ್ರಾ ಯುವರಾಜ್ 215, ಸ್ವರಾಜ್ 717ರಂಥ 15 ಎಚ್‌ಪಿ ಗಾಡಿಗಳಿರಲಿ, ಫೋರ್ ವ್ಹೀಲ್ ಡ್ರೈವ್ ಇರುವ 24 ಎಚ್‌ಪಿಯ ಜಿವೋ 245 ಅಥವಾ ಕುಬೋಟಾದ ನಿಯೋಸ್ಟಾರ್ ಇರಲಿ, ಮುಖ್ಯ ಗೇರ್ ಲಿವರಿನ ಜೊತೆಗೆ ವೇಗದ ರೇಂಜ್ ಬದಲಿಸುವ ಲಿವರ್ ಒಂದಿರುತ್ತದೆ. ಅದು ನಡುವೆ ನ್ಯೂಟ್ರಲ್‌ನಲ್ಲಿ ನಿಂತಿದ್ದರೆ ಯಾವ ಗೇರ್ ಹಾಕಿದರೂ ಗಾಡಿ ಅಲುಗದು. "ಅದು ಹಾಕೇ ಐತ್ರಿ" ಎನ್ನುತ್ತಾರೆ. ಲಿವರ್ ಹಾಕಿದಂತೆ ಕಾಣುವುದಕ್ಕೂ ಒಳಗೆ ಗೇರ್ ಬೀಳುವುದಕ್ಕೂ ವ್ಯತ್ಯಾಸವಿದೆ. ಲಿವರಿನ ಬುಡದ ಪಿನ್ ಬಿದ್ದಿದ್ದರೆ, ಬುಷ್ ಸವೆದಿದ್ದರೆ, ಕೈಗೆ ಯಾವ ತಡೆಯೂ ಸಿಗದೆ ಲಿವರ್ ಸಡಿಲವಾಗಿ ಓಲಾಡುತ್ತದೆ. ಎರಡೂ ಲಿವರ್‌ಗಳನ್ನು ಕೈಯಿಂದ ಹಾಕಿ ತೆಗೆದು, ಒಳಗೆ ಗೇರ್ ಕೂತದ್ದು ಅಂಗೈಗೆ ತಿಳಿಯುತ್ತದೆಯೇ ನೋಡಿ. ತಿಂಗಳುಗಟ್ಟಲೆ ಅದೇ ಗಾಡಿ ಓಡಿಸಿದ ಕೈಗೆ ಈ ವ್ಯತ್ಯಾಸ ಯಾವ ಮಿಸ್ತ್ರಿಗಿಂತ ಬೇಗ ಗೊತ್ತಾಗುತ್ತದೆ.

ಆಮೇಲೆ ಕ್ಲಚ್ ಪೆಡಲ್. ಪಾದದಿಂದ ಒತ್ತಬೇಡಿ, ಕೈಯಿಂದ ಒತ್ತಿ. ಮೊದಲಿಗೆ ಸ್ವಲ್ಪ ದೂರ ಹಗುರವಾಗಿ ಇಳಿದು, ಅನಂತರ ಬಿಗಿಯಾಗಬೇಕು. ಆ ಹಗುರ ನಡೆಗೆ ಫ್ರೀ ಪ್ಲೇ ಅನ್ನುತ್ತಾರೆ. ಸಾಮಾನ್ಯವಾಗಿ 20ರಿಂದ 30 ಮಿಲಿಮೀಟರ್, ನಿಮ್ಮ ಗಾಡಿಯ ಸರಿಯಾದ ಅಳತೆ ಅದರ ಜೊತೆ ಬಂದ ಪುಸ್ತಕದಲ್ಲಿರುತ್ತದೆ. ಪ್ಲೇಟ್ ಸವೆದಂತೆ ಈ ಸಡಿಲು ಹೆಚ್ಚುವುದಿಲ್ಲ, ಕಡಿಮೆಯಾಗುತ್ತ ಹೋಗುತ್ತದೆ; ಇದು ಬಹಳ ಜನ ತಿಳಿದಿರುವುದಕ್ಕೆ ಉಲ್ಟಾ. ಪೂರ್ತಿ ಇಲ್ಲದಾದಾಗ, ಪೆಡಲ್ ಒತ್ತಿದಾಗ ಮಾತ್ರ ಪ್ರೆಷರ್ ಪ್ಲೇಟಿನ ಬೆರಳುಗಳನ್ನು ಒತ್ತಬೇಕಾದ ರಿಲೀಸ್ ಬೇರಿಂಗ್ ಯಾವಾಗಲೂ ಅವನ್ನು ಒತ್ತಿಕೊಂಡೇ ಇರುತ್ತದೆ, ಪ್ಲೇಟ್ ಪೂರ್ತಿ ಹಿಡಿಯುವುದೇ ಇಲ್ಲ, ಜಾರುತ್ತದೆ. ಅರ್ಧ ಆಯುಷ್ಯ ಉಳಿದ ಪ್ಲೇಟೂ ಹೀಗೆ ಜಾರಬಲ್ಲದು. ಮದ್ದು ಹೊರಗಿನ ರಾಡಿನ ಒಂದು ನಟ್ಟು. ಅದನ್ನು ತಿರುಗಿಸಿ ಅಳತೆಗೆ ತಂದರೆ ಗಾಡಿ ಓಡುತ್ತದೆ. ತಡಮಾಡಿದರೆ ಜಾರಿ ಜಾರಿ ಕಾದು ಪ್ಲೇಟ್ ನಿಜವಾಗಿಯೂ ಸುಡುತ್ತದೆ.

ರೋಟಾವೇಟರಿನಂಥ ಉಪಕರಣಗಳನ್ನು ತಿರುಗಿಸುವ ಶಾಫ್ಟ್, ಅಂದರೆ ಪಿಟಿಓ, ನಿಮ್ಮ ಬಳಿ ಇರುವ ಅತ್ಯುತ್ತಮ ಸಾಕ್ಷಿ. ಬಹಳಷ್ಟು ಸಣ್ಣ ಗಾಡಿಗಳಲ್ಲಿ ಒಂದೇ ಕ್ಲಚ್ ಪ್ಲೇಟ್, ಗಾಲಿಗೂ ಪಿಟಿಓಗೂ ಶಕ್ತಿ ಅದರ ಮೂಲಕವೇ ಹೋಗಬೇಕು. ಅಂಥ ಗಾಡಿಯಲ್ಲಿ ಬ್ರೇಕ್ ಬಿಗಿಯಾಗಿ ಹಿಡಿದು, ತಿರುಗುವ ರೋಟಾವೇಟರನ್ನು ಮಣ್ಣಿಗೆ ಮೆಲ್ಲಗೆ ತಾಗಿಸಿ. ಬ್ರೇಕ್ ಯಾಕೆಂದರೆ ಅದರ ಬ್ಲೇಡುಗಳೇ ಗಾಡಿಯನ್ನು ಮುಂದಕ್ಕೆ ತಳ್ಳುತ್ತವೆ. ಬ್ಲೇಡ್ ಮಣ್ಣು ಕಡಿಯುತ್ತ ಎಂಜಿನ್ ಭಾರ ಎಳೆದರೆ ಕ್ಲಚ್ ಪ್ಲೇಟ್ ನಿರಪರಾಧಿ, ದೋಷ ಅದರ ಹಿಂದಿದೆ. ಬ್ಲೇಡ್ ನಿಂತು ಎಂಜಿನ್ ಹಾಗೇ ಓಡುತ್ತಿದ್ದರೆ ಸಂಶಯ ಕ್ಲಚ್ಚಿನ ಮೇಲೆ ಬರುತ್ತದೆ. ಡ್ಯುಯಲ್ ಕ್ಲಚ್ ಇರುವ ಗಾಡಿಯಲ್ಲಿ ಪಿಟಿಓಗೆ ಬೇರೆ ಪ್ಲೇಟ್, ಆದ್ದರಿಂದ ಅಲ್ಲಿ ಈ ಸಾಕ್ಷಿ ನಡೆಯದು. ಅಲ್ಲಿ ಬಯಲಿನಲ್ಲಿ, ಎರಡೂ ಬ್ರೇಕ್ ಕೂಡಿಸಿ ಒತ್ತಿ, ದೊಡ್ಡ ಗೇರಿನಲ್ಲಿ ಕ್ಲಚ್ ನಿಧಾನ ಬಿಟ್ಟು ನೋಡಬೇಕು. ಎಂಜಿನ್ ಬಂದ್ ಬಿದ್ದರೆ ಕ್ಲಚ್ ಹಿಡಿಯುತ್ತಿದೆ. ಒಮ್ಮೆ ಮಾಡಿದರೆ ಸಾಕು, ಮತ್ತೆ ಮತ್ತೆ ಮಾಡಿದರೆ ಆ ಪರೀಕ್ಷೆಯೇ ಪ್ಲೇಟನ್ನು ಕಾಯಿಸುತ್ತದೆ. ಪಿಟಿಓ ಹತ್ತಿರ ಧೋತರ, ಟವೆಲ್, ಸೀರೆಯ ಸೆರಗು ಸುಳಿಯಕೂಡದು. ಗೇರಿನಲ್ಲಿರುವ ಗಾಡಿಯನ್ನು ನೆಲದ ಮೇಲೆ ನಿಂತು, ಸ್ಟಾರ್ಟರಿಗೆ ಸ್ಕ್ರೂಡ್ರೈವರ್ ತಾಗಿಸಿ ಚಾಲೂ ಮಾಡುವುದಂತೂ ಜೀವಕ್ಕೆ ಎರವು. ಅದನ್ನು ಯಾರು ಕಲಿಸಿದರೂ ಕಲಿಯಬೇಡಿ.

ಇನ್ನು ಒಂದೇ ಗಾಲಿಯ ಕಥೆ. ಹಸಿ ಎರಿಯಲ್ಲಿ ಒಂದು ಗಾಲಿ ಸುಮ್ಮನೆ ತಿರುಗಿ ಇನ್ನೊಂದು ನಿಂತರೆ ಅದು ರೋಗವೇ ಅಲ್ಲ, ಡಿಫರೆನ್ಷಿಯಲ್ ಇರುವುದೇ ಹಾಗೆ. ಹಿಡಿತವಿಲ್ಲದ ಕಡೆಗೆ ತಿರುಗಾಟ ಹರಿಯುತ್ತದೆ. ನೇರಕ್ಕೆ ಹೋಗುವಾಗ ಮಾತ್ರ ಡಿಫರೆನ್ಷಿಯಲ್ ಲಾಕ್ ಹಾಕಿ ದಾಟಿಸಬೇಕು. ಆದರೆ ಗಟ್ಟಿ ನೆಲದಲ್ಲೂ ಎರಡೂ ಗಾಲಿ ನಿಂತು, ಲಾಕ್ ಒತ್ತಿದ ಕೂಡಲೇ ಗಾಡಿ ಸರಿದರೆ ಒಂದು ಕಡೆಯ ಎಕ್ಸೆಲ್ ಶಾಫ್ಟ್ ತುಂಡಾಗಿರಬಹುದು. ಶಕ್ತಿಯೆಲ್ಲ ಆ ತುಂಡಾದ ಕಡೆಗೆ ಹರಿದು ವ್ಯರ್ಥವಾಗುತ್ತಿರುತ್ತದೆ. ಫೋರ್ ವ್ಹೀಲ್ ಗಾಡಿಯಾದರೆ ಮೆತ್ತನೆ ನೆಲದಲ್ಲಿ ಮುಂದಿನ ಗಾಲಿಗಳನ್ನು ಜೋಡಿಸಿ ನೋಡಿ. ಅವು ಎಳೆದುಕೊಂಡು ಹೋದರೆ ಕ್ಲಚ್ಚೂ ಸರಿ, ಗೇರ್‌ಬಾಕ್ಸೂ ಬಹುತೇಕ ಸರಿ, ಕೆಡುಕು ಹಿಂದಿನ ಎಕ್ಸೆಲ್ಲಿನಲ್ಲಿದೆ. ಇಷ್ಟು ತಿಳಿದ ಮೇಲೆ ಆ ಒಂದು ಬದಿ ಬಿಚ್ಚಿದರೆ ಸಾಕಾದೀತು. ತಿಳಿಯದೆ ಬಿಚ್ಚಿದವರು ನಡುವಿನಿಂದ ಶುರುಮಾಡಿರುತ್ತಾರೆ.

ಕ್ಲಚ್ ಪ್ಲೇಟ್ ಹೋಗುವುದೇ ಇಲ್ಲವೇ? ಹೋಗುತ್ತದೆ. 15 ಎಚ್‌ಪಿ ಗಾಡಿಗೆ ಅಣ್ಣಿಗೇರಿಯಿಂದ ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಗೆ ತುಂಬಿದ ಟ್ರೇಲರ್ ಕಟ್ಟಿ, ದಾರಿಯುದ್ದಕ್ಕೂ ಕ್ಲಚ್ ಮೇಲೆ ಕಾಲಿಟ್ಟುಕೊಂಡು ಓಡಿಸಿದರೆ ಹೋಗದೆ ಏನು ಮಾಡೀತು. ಆಗಲೂ ಬಿಚ್ಚುವ ಮೊದಲು ಕ್ಲಚ್ ಹೌಸಿಂಗಿನ ಕೆಳಗೆ ಬಗ್ಗಿ ನೋಡಬೇಕು. ಅಲ್ಲಿ ಚಿಕ್ಕ ರಂಧ್ರವೊಂದಿರುತ್ತದೆ. ಅದರಿಂದ ಎಣ್ಣೆ ಜಿನುಗುತ್ತಿದ್ದರೆ ಪ್ಲೇಟಿನ ಮೇಲೆ ಎಣ್ಣೆ ಬಿದ್ದಿದೆ. ತೆಳ್ಳಗೆ ಕಪ್ಪಗಿದ್ದರೆ ಎಂಜಿನ್ನಿನ ಹಿಂದಿನ ಸೀಲು, ಗೇರ್ ಎಣ್ಣೆಯ ಘಾಟು ವಾಸನೆ ಇದ್ದರೆ ಗೇರ್‌ಬಾಕ್ಸಿನ ಸೀಲು. ಇದನ್ನು ನೋಡದೆ ಪ್ಲೇಟ್ ಮಾತ್ರ ಹಾಕಿ ಮುಚ್ಚಿದರೆ ಹೊಸ ಪ್ಲೇಟೂ ಅದೇ ಎಣ್ಣೆ ಕುಡಿಯುತ್ತದೆ. ಹೀಗಾಗಿ ನೇರ ಬಿಚ್ಚಲು ಹೊರಡುವವರ ಊಹೆ ಸರಿಯಿದ್ದಾಗಲೂ ಅವರ ಪದ್ಧತಿ ತಪ್ಪು: ಏನು ಹೋಗಿದೆ ಎಂದು ಹೇಳುತ್ತಾರೆ, ಯಾಕೆ ಹೋಯಿತೆಂದು ಕೇಳುವುದಿಲ್ಲ.

"ರೈತರಿಗೆ ಇದೆಲ್ಲ ತಿಳಿಯೂದಿಲ್ರಿ" ಎನ್ನುವವರಿದ್ದಾರೆ. ಈ ಮಾತು ನನಗೆ ಸಿಟ್ಟು ತರಿಸುತ್ತದೆ. ಎತ್ತು ಕುಂಟಿದರೆ ನಮ್ಮ ಹಿರಿಯರು ಅದನ್ನು ನಾಲ್ಕು ಹೆಜ್ಜೆ ನಡೆಸಿ ನೋಡುತ್ತಿದ್ದರು. ಗೊರಸು ಎತ್ತಿ ಮುಳ್ಳು ಹುಡುಕುತ್ತಿದ್ದರು, ಲಾಳ ನೋಡುತ್ತಿದ್ದರು, ಮೊಣಕಾಲು ಮುಟ್ಟಿ ಬಿಸಿ ನೋಡುತ್ತಿದ್ದರು, ಕೊನೆಗೆ ಹೆಗಲು. ಹೊರಗಿನಿಂದ ಒಳಕ್ಕೆ, ಸುಲಭದಿಂದ ಕಷ್ಟಕ್ಕೆ ಹೋಗುವ ಆ ಕ್ರಮ ಯಾವ ಕಾಲೇಜಿನಿಂದಲೂ ಬಂದದ್ದಲ್ಲ. ಅದೇ ಮನೆಯ ಮಗ ಟ್ರ್ಯಾಕ್ಟರಿನ ಮುಂದೆ ಕೈಕಟ್ಟಿ ನಿಲ್ಲಬೇಕಾಗಿ ಬಂದದ್ದು ಅವನಿಗೆ ಬುದ್ಧಿ ಇಲ್ಲದ್ದಕ್ಕಲ್ಲ. ಗಾಡಿ ಮಾರಿದವರು ಸಾಲದ ಕಂತು ಹೇಳಿಕೊಟ್ಟರು, ಗೇರಿನ ದಾರಿ ಹೇಳಿಕೊಡಲಿಲ್ಲ.

ಇನ್ನೊಂದು ಕಹಿ ಮಾತೂ ಆಡಬೇಕು. ಈ ರೂಢಿಯನ್ನು ಸಾಕುತ್ತಿರುವುದು ಗ್ಯಾರೇಜುಗಳಷ್ಟೇ ಅಲ್ಲ, ನಾವೂ ಸಾಕುತ್ತಿದ್ದೇವೆ. ಕಾಲು ತಾಸು ಗಾಡಿಯ ಸಪ್ಪಳ ಕೇಳಿ, ರಾಡಿನ ನಟ್ಟು ತಿರುಗಿಸಿ ಓಡಿಸಿ ಕೊಟ್ಟ ಮಿಸ್ತ್ರಿಗೆ ನೂರು ರೂಪಾಯಿ ಕೊಡಲು ನಮಗೆ ಜೀವ ಬರುವುದಿಲ್ಲ. "ಏನ್ ಮಾಡಿದಿ ತಮ್ಮಾ, ಬರೇ ಒಂದು ನಟ್ಟು ತಿರುವಿದಿ" ಎನ್ನುತ್ತೇವೆ. ಎರಡು ದಿನ ಗಾಡಿ ತುಂಡು ಮಾಡಿ, ಮೈಯೆಲ್ಲ ಎಣ್ಣೆ ಮಾಡಿಕೊಂಡವನಿಗೆ ಸಾವಿರಗಟ್ಟಲೆ ಎಣಿಸಿ ಕೊಟ್ಟು ಚಹಾ ಕುಡಿಸುತ್ತೇವೆ. ತಿಳಿವಳಿಕೆಗೆ ಕೂಲಿ ಇಲ್ಲದ ಕಡೆ ತಿಳಿವಳಿಕೆ ಉಳಿಯುವುದಿಲ್ಲ. ಬಿಚ್ಚದೆ ಪರೀಕ್ಷೆ ಮಾಡಿದ್ದಕ್ಕೆ ಬೇರೆ ಕೂಲಿ ಕೊಡಿ, ಒಳ್ಳೆಯ ಕೂಲಿ ಕೊಡಿ. ಏನೇನು ನೋಡಿದ, ಏನು ಕಂಡಿತು ಎಂದು ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಲೆಕ್ಕ ಕೇಳುವುದು ಈ ನೆಲಕ್ಕೆ ಹೊಸದೇನಲ್ಲ. ಮಲಪ್ರಭಾ ಅಚ್ಚುಕಟ್ಟಿನ ಅಭಿವೃದ್ಧಿ ಕರವನ್ನು ಒಪ್ಪದೆ 1980ರ ಜುಲೈ 21ರಂದು ಬೀದಿಗಿಳಿದ ನವಲಗುಂದದ ರೈತರು ಸರ್ಕಾರಕ್ಕೇ ಲೆಕ್ಕ ಕೇಳಿದರು, ಗುಂಡಿಗೆ ಎದೆಕೊಟ್ಟರು. ಸರ್ಕಾರದ ಕರವನ್ನು ಪ್ರಶ್ನಿಸಿದ ಊರು ಗ್ಯಾರೇಜಿನ ಬಿಲ್ಲನ್ನು ಯಾಕೆ ಪ್ರಶ್ನಿಸಬಾರದು?

"ಸಣ್ಣ ಗಾಡಿ ಎರಿ ಹೊಲಕ್ಕಲ್ಲ, ಅದಕ್ಕ ನಿಂತತಿ" ಎಂಬ ಮಾತೂ ಪ್ಲೇಟಿನ ತೀರ್ಪಿನ ಜೊತೆಗೇ ಬರುತ್ತದೆ. ಆಳಕ್ಕೆ ರಂಟೆ ಹೊಡೆಯಲು ಸಣ್ಣ ಗಾಡಿ ಅಲ್ಲ, ಒಪ್ಪಿದೆ. ಸಾಲಿನ ನಡುವೆ ಎಡೆ ಹೊಡೆಯಲು, ಔಷಧ ಹೊಡೆಯಲು, ಹಗುರ ಹರಗಲು ಅದಕ್ಕಿಂತ ಹೊಂದುವುದು ಇಲ್ಲ. ಪಿನ್ ಬಿದ್ದು ನಿಂತ ಗಾಡಿಯನ್ನು ಸಣ್ಣದೆಂಬ ಕಾರಣಕ್ಕೆ ಮಾರಿ, ದೊಡ್ಡದಕ್ಕೆ ಸಾಲ ಮಾಡುವ ಮನೆಗಳ ಬಗ್ಗೆ ನನಗೆ ಮರುಕವಿದೆ, ಆ ಸಲಹೆ ಕೊಡುವವರ ಬಗ್ಗೆ ಇಲ್ಲ.

ಕಲಿಸುವ ಜಾಗಗಳಿಗೆ ಬರವಿಲ್ಲ. ಮಧ್ಯಪ್ರದೇಶದ ಬುದ್ನಿಯಲ್ಲಿ 1955ರಿಂದ ಕೇಂದ್ರದ ಟ್ರ್ಯಾಕ್ಟರ್ ತರಬೇತಿ ಸಂಸ್ಥೆ ಇದೆ, ನಮಗೆ ಹತ್ತಿರವಾಗಿ ಅನಂತಪುರದ ಗಾರ್ಲದಿನ್ನೆಯಲ್ಲಿ ಇನ್ನೊಂದಿದೆ. ಐಟಿಐಗಳಲ್ಲಿ ಟ್ರ್ಯಾಕ್ಟರ್ ಮೆಕ್ಯಾನಿಕ್ ಎಂಬ ವಿಭಾಗವೇ ಉಂಟು. ಹೋಬಳಿಗೊಂದು ರೈತ ಸಂಪರ್ಕ ಕೇಂದ್ರವಿದೆ. 1986ರಲ್ಲಿ ಹುಟ್ಟಿದ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ಜನಸಾಗರವೇ ಬರುತ್ತದೆ. ಅಲ್ಲಿ ಹೊಸ ಯಂತ್ರಗಳ ಸಾಲಿನ ಪಕ್ಕದಲ್ಲೇ, ಅರ್ಧ ಕೊಯ್ದು ತೋರಿಸಿದ ಒಂದು ಗೇರ್‌ಬಾಕ್ಸ್ ಇಟ್ಟು, ಶಕ್ತಿ ಹೋಗುವ ದಾರಿಯನ್ನು ಕನ್ನಡದಲ್ಲಿ ಹೇಳುವ ಒಬ್ಬರನ್ನು ನಿಲ್ಲಿಸಬೇಕು. ಈಗ ಹುಡುಗರು ಫೋನಿನಲ್ಲಿ ನೋಡುವುದು ಅಮೆರಿಕದ ಸಣ್ಣ ಟ್ರ್ಯಾಕ್ಟರ್‌ಗಳ ವಿಡಿಯೋ. ಅಲ್ಲಿ ಎಣ್ಣೆಯ ಒತ್ತಡದಿಂದ ಓಡುವ ಹೈಡ್ರೋಸ್ಟ್ಯಾಟಿಕ್ ಗಾಡಿ ಹೆಚ್ಚು, ಓಡದಿದ್ದರೆ ಅವರು ಎಣ್ಣೆಯ ಮಟ್ಟ, ಫಿಲ್ಟರ್, ಸೀಟಿನ ಸ್ವಿಚ್ ನೋಡಿ ಎನ್ನುತ್ತಾರೆ. ಕ್ಲಚ್ಚು ಗೇರಿನ ನಮ್ಮ ಗಾಡಿಗೆ ಆ ಕ್ರಮ ಹೊಂದದು.

ಕೊನೆಗೆ ಉಳಿಯುವ ವಾದ ಒಂದು, ಗಟ್ಟಿಯಾದದ್ದೂ ಅದೇ: "ನಾವು ಎಷ್ಟೋ ಗಾಡಿಗೆ ಪ್ಲೇಟ್ ಹಾಕೇವಿ, ಎಲ್ಲಾ ಓಡ್ಯಾವು. ಅನುಭವ ಸುಳ್ಳ ಆಕ್ಕೈತೇನ್ರಿ?" ಓಡಿದ್ದು ನಿಜ. ಆದರೆ ಪ್ಲೇಟ್ ಹಾಕಿ ಗಾಡಿ ಕೂಡಿಸುವಾಗ ಲಿವರಿಗೆ ಹೊಸ ಪಿನ್ ಕೂರುತ್ತದೆ, ರಾಡುಗಳ ಮಣ್ಣು ತೊಳೆದುಹೋಗುತ್ತದೆ, ಪೆಡಲಿನ ಸಡಿಲು ಅಳತೆಗೆ ಬರುತ್ತದೆ. ಮದ್ದು ಇವುಗಳಲ್ಲಿ ಯಾವುದಾದರೂ ಆಗಿರಬಹುದು, ಹೆಸರು ಮಾತ್ರ ಪ್ಲೇಟಿಗೆ. ಇದನ್ನು ತೀರ್ಮಾನಿಸುವ ಸಾಕ್ಷಿ ಗ್ಯಾರೇಜಿನ ಮೂಲೆಯಲ್ಲೇ ಬಿದ್ದಿರುತ್ತದೆ. ಕಳಚಿದ ಹಳೆಯ ಪ್ಲೇಟನ್ನು ಕೇಳಿ ಈಸಿಕೊಳ್ಳಿ. ಪ್ಯಾಡು ರಿವೆಟ್ಟಿನ ತಲೆಯವರೆಗೆ ಸವೆದಿದೆಯೇ, ಎಣ್ಣೆ ಹಿಡಿದು ಕನ್ನಡಿಯಾಗಿದೆಯೇ, ಸ್ಪ್ರಿಂಗ್ ಮುರಿದಿದೆಯೇ, ನಡುವಿನ ಹಲ್ಲು ತಿಂದುಹೋಗಿದೆಯೇ ನೋಡಿ. ನಾಲ್ಕರಲ್ಲಿ ಒಂದೂ ಇಲ್ಲದಿದ್ದರೆ ಬಿಲ್ಲಿನ ದುಡ್ಡು ಎಣಿಸುವ ಮೊದಲು ಮಿಸ್ತ್ರಿಯನ್ನು ಕೂಡಿಸಿಕೊಂಡು, ಗಾಡಿ ಈಗ ಓಡುತ್ತಿರುವುದು ಹೊಸ ಪ್ಲೇಟಿನಿಂದಲೋ, ಕೂಡಿಸುವಾಗ ತಿರುಗಿಸಿದ ರಾಡಿನ ನಟ್ಟಿನಿಂದಲೋ ಎಂದು ಕೇಳಿ.